ತಿರುಗದ ಸಿಂಗರ್ ಸತ್ತಿಲ್ಲ

ಹಳೆಯ ಹೊಲಿಗೆ ಮಿಷನ್‌ನ ಬೀಡುಕಬ್ಬಿಣದ ಕಾಲುಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಮೇಲೊಂದು ಗಾಜು ಕೂರಿಸಿದರೆ ಕೆಫೆಗೆ ಮೇಜು ಸಿದ್ಧ. ಟೈಲರ್‌ಗಳು ‘ಹೆಡ್’ ಎನ್ನುವ ಮೇಲಿನ ಭಾಗ ಮಾತ್ರ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ನೋಡಿದರೆ ಸಂಕಟವಾಗುತ್ತದೆ, ಹೊಲಿಯುವುದು ಆ ಹೆಡ್ಡೇ ತಾನೆ? ‘ಜಾಮ್ ಆಗಿದೆ, ತಿರುಗಲ್ಲ’ ಎಂದು ಕೈಬಿಟ್ಟ ಮಿಷನ್‌ಗಳಲ್ಲಿ ಎಷ್ಟೋ ಸಲ ಒಂದು ಭಾಗವೂ ಮುರಿದಿರುವುದಿಲ್ಲ. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೆ.

ಐಸಾಕ್ ಮೆರಿಟ್ ಸಿಂಗರ್ ತನ್ನ ಹೊಲಿಗೆ ಮಿಷನ್‌ಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1851ರಲ್ಲಿ. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಸಿಂಗರ್ ಕಂಪನಿಯ ದೊಡ್ಡ ಕಾರ್ಖಾನೆ 1885ರಿಂದ 1980ರವರೆಗೆ ನಡೆಯಿತು. ನಮ್ಮ ಅಟ್ಟಗಳಲ್ಲಿರುವ ಹಳೆಯ ಸಿಂಗರ್‌ಗಳಲ್ಲಿ ಅಲ್ಲಿಂದ ಬಂದವೂ ಇವೆ. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಹೊಲಿಗೆ ಮಿಷನ್ ತಯಾರಿಸತೊಡಗಿತು. ಯಂತ್ರಗಳನ್ನು ಅನುಮಾನದಿಂದ ಕಾಣುತ್ತಿದ್ದ ಗಾಂಧೀಜಿ ಕೂಡ ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟಿದ್ದರು.

ಹಳೆಯ ಮಿಷನ್ ಹುಡುಕುವವರು ಬೆಂಗಳೂರಿನ ಭಾನುವಾರದ ಚೋರ್ ಬಜಾರ್‌ಗೆ ಹೋಗುವ ಮೊದಲು ನೆಂಟರ ಮನೆಯ ಅಟ್ಟ, ಮುಚ್ಚುತ್ತಿರುವ ಟೈಲರ್ ಅಂಗಡಿ ವಿಚಾರಿಸಲಿ. ಸಿಂಗರ್ ಸಿಕ್ಕಿದರೆ ಬಲಬದಿಯಲ್ಲಿ ಕೊರೆದ ಸಂಖ್ಯೆ ನೋಡಿ. ಅಕ್ಷರವಿಲ್ಲದೆ ಬರೀ ಅಂಕಿಗಳಿದ್ದರೆ ಸಾಮಾನ್ಯವಾಗಿ ಅದು 1900ಕ್ಕೂ ಮುಂಚಿನದು. ಆಮೇಲೆ ಕೆಳಗಿನ ತಗಡು ಸರಿಸಿ ನೋಡಬೇಕು. ತೀರಾ ಹಳೆಯ ಮಾದರಿಗಳಲ್ಲಿ ಬಾಬಿನ್ ಕಡ್ಡಿಯಂತೆ ಉದ್ದ, ಅದನ್ನು ಹೊತ್ತ ಶಟಲ್ ದೋಣಿಯಾಕಾರದ್ದು. ಆ ಶಟಲ್ ಕಳೆದಿದ್ದರೆ ಸರಿಹೊಂದುವ ಇನ್ನೊಂದಕ್ಕೆ ಬಹಳ ಅಲೆಯಬೇಕಾಗುತ್ತದೆ. ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ. ಬೀಡುಕಬ್ಬಿಣ ಒಡೆದರೆ ಮನೆಯಲ್ಲಿ ಬೆಸೆಯಲಾಗದು.

ಎಣ್ಣೆ ಅಂಟಾಗುವುದಕ್ಕೆ ನಮ್ಮ ಮನೆಗಳಲ್ಲಿ ಒಂದು ವಿಶೇಷ ಕಾರಣವುಂಟು: ಮಿಷನ್ ಎಣ್ಣೆ ಮುಗಿದಾಗ ಕೈಗೆ ಸಿಕ್ಕ ಕೊಬ್ಬರಿ ಎಣ್ಣೆ ಬಿಡುವ ರೂಢಿ. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ವರ್ಷಗಳು ಕಳೆದಂತೆ ಜಿಗುಟು ಪದರವಾಗುತ್ತದೆ. ಪರಿಹಾರವೆಂದರೆ ಸೀಮೆಎಣ್ಣೆ ಮತ್ತು ತಾಳ್ಮೆ. ಲೋಹಕ್ಕೆ ಲೋಹ ಉಜ್ಜುವ ಪ್ರತಿ ಸಂದಿಗೂ ಎರಡೆರಡು ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಬೇಕು. ಬೆಳಿಗ್ಗೆ ಕೈಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ. ಕೂದಲೆಳೆಯಷ್ಟು ಕದಲಿದರೂ ಸಾಕು, ಮತ್ತೆರಡು ಹನಿ, ಮತ್ತೊಂದು ರಾತ್ರಿ. ಸುತ್ತಿಗೆ ಮಾತ್ರ ಹತ್ತಿರ ಬರಕೂಡದು. ಅಷ್ಟರಲ್ಲಿ ಬಟ್ಟೆ ತಳ್ಳುವ ಹಲ್ಲುಗಳ ಕೆಳಗೆ ಒತ್ತಿಕೊಂಡ ಧೂಳು, ಬಾಬಿನ್ ಗೂಡಿಗೆ ಸುತ್ತಿಕೊಂಡ ನೂಲು, ಇವನ್ನೆಲ್ಲ ಚಿಮಟದಿಂದ ತೆಗೆಯಬಹುದು. ಚಕ್ರ ಸರಾಗವಾದ ಮೇಲೆ ಸೀಮೆಎಣ್ಣೆ ಒರೆಸಿ, ಶುದ್ಧ ಮಿಷನ್ ಎಣ್ಣೆ ಹಾಕಿ.

ಕಪ್ಪು ಮೈಮೇಲಿನ ಚಿನ್ನದ ಚಿತ್ತಾರ ಬಹಳ ನಾಜೂಕು. ಕೆಲವು ಸಿಂಗರ್‌ಗಳ ಮೇಲೆ ಈಜಿಪ್ಟಿನ ಸ್ಫಿಂಕ್ಸ್ ಕೂತಿರುತ್ತದೆ. ಹೊಳಪಿನಾಸೆಗೆ ಸ್ಪಿರಿಟ್ ಅಥವಾ ಥಿನ್ನರ್ ಹಚ್ಚಿದರೆ ಅರಗಿನ ಲೇಪ ಕರಗಿ ಚಿತ್ತಾರವೂ ಎದ್ದುಬರುತ್ತದೆ. ಮೆತ್ತನೆ ಹತ್ತಿಬಟ್ಟೆಗೆ ಮಿಷನ್ ಎಣ್ಣೆ ತಾಗಿಸಿ ಒರೆಸಿದರೆ ಸಾಕು. ಹೊಸದಾಗಿ ಬಣ್ಣ ಹೊಡೆಸುವುದನ್ನಂತೂ ನಾನು ಒಪ್ಪಲಾರೆ.

ಎಲ್ಲ ಸರಿಹೋಗಿಯೂ ಹೊಲಿಗೆ ಬೀಳದಿದ್ದರೆ ಮೊದಲು ಸೂಜಿ ನೋಡಿ. ಅದರ ಚಪ್ಪಟೆ ಬದಿ ಯಾವ ಕಡೆಗಿರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ. ತಿರುಗುಮುರುಗಾದರೆ ಶಟಲ್ ನೂಲನ್ನು ಹಿಡಿಯುವುದೇ ಇಲ್ಲ. ಗುಂಡು ಬಾಬಿನ್ನಿನ ಸಿಂಗರ್ 15ರ ನಮೂನೆಯನ್ನೇ ಉಷಾದಿಂದ ಲೂಧಿಯಾನದ ಮಿಷನ್‌ಗಳವರೆಗೆ ಅನೇಕರು ಅನುಸರಿಸಿದ್ದರಿಂದ, ಅದಕ್ಕೆ ಬೇಕಾದ ಸೂಜಿ, ಬಾಬಿನ್, ಚರ್ಮದ ಬೆಲ್ಟು ಊರಿನ ಮಿಷನ್ ಸಾಮಾನಿನ ಅಂಗಡಿಯಲ್ಲೇ ಸಿಗುತ್ತವೆ.