ಷೇರು ಇಳಿಯಿತೇ? ಯಾಕೆಂದು ಮೊದಲು ಕೇಳಿ!



ಮಸ್ಕತ್‌ಗೆ ಬಂದ ಹೊಸದರಲ್ಲಿ ನಾನೊಂದು ‘ಜಾಣತನ’ ಮಾಡಿದ್ದೆ. ಊರಿನ ಕಂಪೆನಿಯೊಂದು ಡಿವಿಡೆಂಡ್ ಘೋಷಿಸಿದ್ದನ್ನು ನೋಡಿ, ಗಡುವಿನ ಕೊನೆಯ ದಿನ ಷೇರು ಕೊಂಡೆ. ಮರುದಿನ ಬೆಲೆ ಹೆಚ್ಚುಕಡಿಮೆ ಡಿವಿಡೆಂಡಿನಷ್ಟೇ ಇಳಿಯಿತು! ಗಾಬರಿಯಾಗಿ ಮಾರಿಬಿಟ್ಟೆ.

ಗಾಬರಿ ಬೇಕಿರಲಿಲ್ಲ. 500 ಬೈಸಾ ಬೆಲೆಯ ಷೇರು 25 ಬೈಸಾ ಡಿವಿಡೆಂಡ್ ಕೊಟ್ಟರೆ, ಎಕ್ಸ್-ಡಿವಿಡೆಂಡ್ ದಿನ ಬೆಲೆ 475ರ ಆಸುಪಾಸಿಗೆ ಇಳಿಯುವುದು ಸಹಜ. ಕಂಪೆನಿಯ ಗಲ್ಲಾಪೆಟ್ಟಿಗೆಯ ಹಣ ನಮ್ಮ ಜೇಬಿಗೆ ಬಂತು, ಅಷ್ಟೆ.

ಇನ್ನೊಂದು ಬಗೆಯ ಇಳಿತಕ್ಕೆ ಶಾರ್ಟ್ ಸೆಲ್ಲಿಂಗ್ ನೆಪ. ಪಕ್ಕದ ಮನೆಯಿಂದ ಒಂದು ಮೂಟೆ ಅಕ್ಕಿ ಕಡ ತಂದು ಇಂದೇ ಮಾರಿ, ಬೆಲೆ ಇಳಿದ ಮೇಲೆ ಕೊಂಡು ಹಿಂತಿರುಗಿಸಿದ ಹಾಗೆ. ಬೆಲೆ ಏರಿದರೆ ನಷ್ಟ ಅವನದೇ. ನಡುವೆ ಡಿವಿಡೆಂಡ್ ಬಂದರೆ, ಅಷ್ಟು ಹಣವನ್ನು ಷೇರು ಕಡ ಕೊಟ್ಟವರಿಗೆ ಅವನೇ ತೆರಬೇಕು. ಹಾಗಾಗಿ ಡಿವಿಡೆಂಡಿನ ಇಳಿತದಿಂದ ಅವನಿಗೆ ಲಾಭವಿಲ್ಲ.

ಕೊಲ್ಲಿಯ ಕನ್ನಡಿಗರು ಮರೆಯದ ಉದಾಹರಣೆ ಎನ್‌ಎಂಸಿ. ಕಾಪುವಿನ ಬಿ.ಆರ್. ಶೆಟ್ಟರು ಎಪ್ಪತ್ತರ ದಶಕದಲ್ಲಿ ಅಬುಧಾಬಿಯಲ್ಲಿ ಕಟ್ಟಿದ ಸಂಸ್ಥೆ. 2012ರಲ್ಲಿ ಲಂಡನ್ ಷೇರುಪೇಟೆ ಸೇರಿತು, ಡಿವಿಡೆಂಡನ್ನೂ ಕೊಡುತ್ತಿತ್ತು. 2019ರ ಡಿಸೆಂಬರ್ 17ರಂದು ಅಮೆರಿಕದ ಮಡ್ಡಿ ವಾಟರ್ಸ್, ಷೇರನ್ನು ಶಾರ್ಟ್ ಮಾಡಿಕೊಂಡು, ಕಂಪೆನಿಯ ಲೆಕ್ಕಪತ್ರವನ್ನು ಪ್ರಶ್ನಿಸಿತು. ಒಂದೇ ದಿನದಲ್ಲಿ ಬೆಲೆ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಕಂಪೆನಿ ಆರೋಪ ಅಲ್ಲಗಳೆಯಿತು. ‘ನಮ್ಮವರನ್ನು ಬೀಳಿಸಲು ಹೊರಟಿದ್ದಾರೆ’ ಎಂದು ನನಗೂ ಸಿಟ್ಟು ಬಂದಿತ್ತು.

ಆದರೆ ತಿಂಗಳುಗಳಲ್ಲೇ, ಲೆಕ್ಕದಲ್ಲಿ ತೋರಿಸದ 400 ಕೋಟಿ ಡಾಲರಿಗೂ ಹೆಚ್ಚಿನ ಸಾಲ ಹೊರಬಿತ್ತು. 2020ರ ಏಪ್ರಿಲ್‌ನಲ್ಲಿ ಲಂಡನ್ ನ್ಯಾಯಾಲಯ ಆಡಳಿತಾಧಿಕಾರಿಗಳನ್ನು ನೇಮಿಸಿತು. ತಾವೂ ಮೋಸಹೋದವರೆಂದು ಶೆಟ್ಟರು ಹೇಳಿದ್ದಾರೆ. ಯಾರು ಹೊಣೆಯೇ ಆಗಲಿ, ಷೇರುದಾರರ ಹಣವಂತೂ ಹೋಯಿತು. ಶಾರ್ಟ್ ಮಾಡಿದವನು ಹೊಗೆ ತೋರಿಸಿದ್ದ. ಬೆಂಕಿ ಒಳಗೇ ಇತ್ತು.

ಹಾಗೆಂದು ಇಂಥ ವರದಿಗಳೆಲ್ಲ ನಿಜವೆಂದಲ್ಲ. ಬೆಲೆ ಬಿದ್ದರೆ ಬರೆದವರಿಗೇ ಲಾಭ. ಅಂದಹಾಗೆ, ಅನಿವಾಸಿಗಳಾದ ನಾವು ಭಾರತದ ಪೇಟೆಯಲ್ಲಿ ಷೇರು ಶಾರ್ಟ್ ಮಾಡುವಂತಿಲ್ಲ. ಡೆಲಿವರಿ ಪಡೆದೇ ಮಾರಬೇಕು. ಆದರೂ ಬೇರೆಯವರ ಶಾರ್ಟ್ ಸೆಲ್ಲಿಂಗ್ ನಮ್ಮ ಉಳಿತಾಯಕ್ಕೂ ತಟ್ಟುತ್ತದೆ.

ಮಕ್ಕಳ ಓದಿಗೆ, ಊರಿನ ಮನೆಗೆಂದು ರಿಯಾಲ್ ರಿಯಾಲ್ ಕೂಡಿಡುವವರು ನಾವು. ಬೆಲೆ ಇಳಿದಾಗ ಇಷ್ಟು ನೋಡಿ: ಡಿವಿಡೆಂಡ್ ದಿನವೇ? ಹಾಗಿದ್ದರೆ ಇಳಿತ ಡಿವಿಡೆಂಡಿನಷ್ಟೇ ಇದೆಯೇ? ಯಾರಾದರೂ ಪ್ರಶ್ನೆ ಎತ್ತಿದ್ದರೆ, ಕಂಪೆನಿ ಅಂಕಿ-ಅಂಶ ಕೊಟ್ಟು ಉತ್ತರಿಸಿದೆಯೇ? ಡಿವಿಡೆಂಡ್ ಬರುತ್ತಿದೆ, ‘ನಮ್ಮವರ ಕಂಪೆನಿ’ ಎಂದ ಮಾತ್ರಕ್ಕೆ ನಂಬಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಏನಂತೀರಿ?