ಬಿಡುವುದು ಬೇರೆ, ಅಳಿಸುವುದು ಬೇರೆ: ಸಿ ಭಾಷೆಯ ಒಂದು ಪಾಠ

ೞ, ಱ ಅಕ್ಷರಗಳನ್ನು ನಾವಿಂದು ಬರೆಯುವುದಿಲ್ಲ. ಆದರೆ ಅವುಗಳ ಪರಿಚಯವಿಲ್ಲದೆ ಹಳಗನ್ನಡ ಕಾವ್ಯವನ್ನು ಓದಲಾಗದು. ಬರವಣಿಗೆಯಲ್ಲಿ ಬಿಟ್ಟುದನ್ನು ಓದಿಗಾಗಿ ಉಳಿಸಿಕೊಳ್ಳುವ ಇಂಥ ವಿವೇಕವು ಗಣಕಶಾಸ್ತ್ರದಲ್ಲಿಯೂ ಉಂಟು.

ಸಿ ಭಾಷೆಯ ಲೈಬ್ರರಿಯೆಂದರೆ ಎಲ್ಲ ಪ್ರೋಗ್ರಾಮುಗಳೂ ಬಳಸಿಕೊಳ್ಳಬಹುದಾದ ಸಿದ್ಧ ಫಂಕ್ಷನ್‌ಗಳ ಸಂಗ್ರಹ. ಅವುಗಳ ಹೆಸರನ್ನೂ ಬಳಸುವ ಕ್ರಮವನ್ನೂ ಕಂಪೈಲರಿಗೆ ತಿಳಿಸುವ ಕಡತವೇ ಹೆಡರ್. ಅಲ್ಲಿ ‘ಗೆಟ್ಸ್’ ಎಂಬ ಫಂಕ್ಷನ್ ಒಂದಿತ್ತು. ಬಳಕೆದಾರನು ಟೈಪಿಸಿದ ಸಾಲನ್ನು ಓದಿಕೊಳ್ಳುವುದು ಅದರ ಕೆಲಸ. ಆದರೆ ಸಾಲಿಗೆ ಮೀಸಲಾದ ಜಾಗವೆಷ್ಟೆಂಬುದು ಅದಕ್ಕೆ ತಿಳಿಯದು. ಸಾಲು ಉದ್ದವಾದರೆ ಮೆಮೊರಿಯ ನೆರೆಯ ಭಾಗದ ಮೇಲೂ ಬರೆದುಬಿಡುತ್ತದೆ. 1988ರ ಮಾರಿಸ್ ವರ್ಮ್ ಗಣಕಗಳೊಳಗೆ ನುಸುಳಿದ ದಾರಿಗಳಲ್ಲಿ ಈ ದೋಷವೂ ಒಂದು. ಕೊನೆಗೆ 2011ರ ಸಿ ಮಾನಕವು ಗೆಟ್ಸನ್ನು ಕೈಬಿಟ್ಟಿತು.

ಮಾನಕ ಬಿಟ್ಟಿತೆಂದು ಲೈಬ್ರರಿಯಿಂದಲೇ ಕಿತ್ತುಹಾಕಿದರೆ, ಅದನ್ನು ನೆಚ್ಚಿದ ಹಳೆಯ ಪ್ರೋಗ್ರಾಮುಗಳು ನಡೆಯಲಾರವು. ಆದುದರಿಂದ ಲಿನಕ್ಸ್‌ನಲ್ಲಿ ಬಳಕೆಯಾಗುವ ಗ್ನೂ ಸಿ ಲೈಬ್ರರಿಯು ಮಧ್ಯಮಾರ್ಗ ಹಿಡಿಯಿತು. 2011ರ ಮಾನಕದಂತೆ ಬರೆಯುವವರಿಗೆ ಹೆಡರ್ ಆ ಹೆಸರನ್ನು ತೋರಿಸುವುದಿಲ್ಲ. 1999ರ ಮಾನಕವನ್ನೇ ಆರಿಸಿಕೊಂಡವರಿಗೆ ಎಚ್ಚರಿಕೆಯೊಡನೆ ತೋರಿಸುತ್ತದೆ. ಹಿಂದೆಯೇ ಸಿದ್ಧವಾದ ಪ್ರೋಗ್ರಾಮುಗಳಿಗಾಗಿ ಫಂಕ್ಷನ್ ಲೈಬ್ರರಿಯೊಳಗೆ ಉಳಿದುಕೊಂಡಿದೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಹಳೆಯ ಅಕ್ಷರವನ್ನು ಉಳಿಸಿಕೊಂಡರೆ ಹಾನಿಯಿಲ್ಲ. ಹಳೆಯ ಫಂಕ್ಷನ್ ಉಳಿದಲ್ಲಿ ಅದರ ಅಪಾಯವೂ ಉಳಿಯುತ್ತದೆ. ಆದುದರಿಂದ ಹಳೆಯ ಪ್ರೋಗ್ರಾಮುಗಳನ್ನು ಒಂದೊಂದಾಗಿ ತಿದ್ದಿ, ಜಾಗದ ಮಿತಿಯನ್ನು ಕೇಳಿ ಓದುವ ‘ಎಫ್‌ಗೆಟ್ಸ್’ ಫಂಕ್ಷನ್ನಿಗೆ ಬದಲಾಯಿಸುವ ಹೊಣೆ ಬರೆಯುವವರ ಮೇಲಿದೆ.