ಕಪ್ ಗೆದ್ದ ಕೋಚ್, ತಂಡ ಕಟ್ಟಿದ ಕೋಚ್

ಒಂದೇ ಒಂದು ಸೀಸನ್. ಒಬ್ಬ ಕೋಚ್, ಒಂದು ಫುಟ್‌ಬಾಲ್ ತಂಡ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದವರು ಯಾರು? ಈ ಚರ್ಚೆ ಶುರುವಾದರೆ ನಮ್ಮಲ್ಲಿ ಹೆಚ್ಚಿನವರು ಮಾಡೋದು ಒಂದೇ ಕೆಲಸ: ಕಪ್ ಎಣಿಸೋದು. ಜಾಸ್ತಿ ಕಪ್ ಇದ್ದವನೇ ದೊಡ್ಡ ಕೋಚ್. ಲೆಕ್ಕ ಸುಲಭ, ಆದರೆ ಸರಿಯಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಯಂತ್ರ ಎಷ್ಟು ಕೆಲಸ ಮಾಡಿತು ಅಂತಷ್ಟೇ ಅಲ್ಲಿ ಕೇಳೋದಿಲ್ಲ. ನೀವು ಒಳಗೆ ಎಷ್ಟು ಹಾಕಿದಿರಿ, ಹೊರಗೆ ಎಷ್ಟು ಬಂತು, ಅದನ್ನೂ ನೋಡ್ತಾರೆ. ಕೋಚ್‌ಗಳನ್ನೂ ಹಾಗೇ ತೂಗಿ ನೋಡೋಣ. ಮೂರು ಪ್ರಶ್ನೆ ಸಾಕು. ಕೈಗೆ ಸಿಕ್ಕ ಸಾಮಗ್ರಿ ಎಂಥದ್ದು? ಗೆಲುವಿನಲ್ಲಿ ಅದೃಷ್ಟದ ಪಾಲು ಎಷ್ಟು? ಆ ತಂಡವನ್ನು ನಿಜವಾಗಿ ಕಟ್ಟಿದವರು ಯಾರು?

ಮೊದಲ ಅಭ್ಯರ್ಥಿ ಆಶ್ಲೇ ವೆಸ್ಟ್‌ವುಡ್. 2013ರಲ್ಲಿ ಬೆಂಗಳೂರು ಎಫ್‌ಸಿ ಅನ್ನೋ ಕ್ಲಬ್ ಹುಟ್ಟಿತು. ಇತಿಹಾಸ ಇಲ್ಲ, ಒಟ್ಟಿಗೆ ಆಡಿದ ಅನುಭವ ಇಲ್ಲ. ಇಂಗ್ಲೆಂಡಿನ ಈ ಮಾಜಿ ಡಿಫೆಂಡರ್ ಬಂದು ಊಟ, ನಿದ್ದೆ, ಫಿಟ್‌ನೆಸ್ ಎಲ್ಲಕ್ಕೂ ಶಿಸ್ತು ತಂದರು. 2014ರ ಏಪ್ರಿಲ್‌ನಲ್ಲಿ ಗೋವಾಕ್ಕೇ ಹೋಗಿ ಡೆಂಪೋ ತಂಡವನ್ನು 4-2ರಿಂದ ಸೋಲಿಸಿ, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದರು. 24 ಪಂದ್ಯ, 47 ಅಂಕ.

ಇಲ್ಲಿ 24 ಅನ್ನೋ ಸಂಖ್ಯೆ ಮುಖ್ಯ. ಫುಟ್‌ಬಾಲ್‌ನಲ್ಲಿ ಗೋಲು ಕಡಿಮೆ. ಒಂದು ಪಂದ್ಯದಲ್ಲಿ ಒಂದು ಪೆನಾಲ್ಟಿ, ಒಂದು ಜಾರಿದ ಕಾಲು, ಎಲ್ಲ ತಲೆಕೆಳಗಾಗುತ್ತೆ. ಅದೇ 24 ಪಂದ್ಯ ಆಡಿದರೆ ಅದೃಷ್ಟ ಇವತ್ತು ನಿಮ್ಮ ಕಡೆ, ನಾಳೆ ಅವರ ಕಡೆ. ಕೊನೆಗೆ ಮೇಲೆ ಉಳಿಯೋದು ತಂಡದ ಶಕ್ತಿ. ಹಾಗಾಗಿ ಲೀಗ್ ಗೆಲುವಿನ ತೂಕ ಜಾಸ್ತಿ. ಆದರೆ ಇನ್ನೊಂದು ತಟ್ಟೆಯನ್ನೂ ನೋಡಿ. ಬೆನ್ನ ಹಿಂದೆ ಜೆಎಸ್‌ಡಬ್ಲ್ಯೂ ಹಣ ಇತ್ತು, ಮುಂದಾಳಾಗಿ ಸುನಿಲ್ ಛೇತ್ರಿ ಇದ್ದರು. ಬರಿಗೈಯಲ್ಲಿ ಕಟ್ಟಿದ ಮನೆಯಲ್ಲ ಅದು.

ಎರಡನೆಯವರು ಸ್ಪೇನಿನ ಆಲ್ಬರ್ಟ್ ರೋಕಾ. 2016ರಲ್ಲಿ ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯ್ತು. ಸೆಮಿಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದ ರಾತ್ರಿ ನೆನಪಿದೆಯಲ್ಲ? ದೋಹಾದ ಫೈನಲ್‌ನಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ಎದುರು 0-1 ಸೋಲು. ಆದರೆ ಒಂದು ವಿಷಯ ಮರೆಯಬಾರದು. ಅದೇ ಟೂರ್ನಿಯ ಗುಂಪು ಹಂತ ದಾಟಿಸಿದ್ದು ವೆಸ್ಟ್‌ವುಡ್. ರೋಕಾ ಬಂದದ್ದು ನಡುವೆ. 2018-19ರಲ್ಲಿ ಐಎಸ್‌ಎಲ್ ಗೆದ್ದ ಕಾರ್ಲೆಸ್ ಕ್ವಾಡ್ರಾಟ್ ಕಥೆಯೂ ಹೀಗೇ. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದು ಫೈನಲ್ಲನ್ನೂ ಗೆದ್ದ ಮೊದಲ ತಂಡ ಅವರದ್ದು. ಮುಂಬೈಯಲ್ಲಿ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ಹೊಡೆದ ಗೋಲಿಗೆ ಗೋವಾ ಸೋತಿತು. ಆದರೆ ಕ್ವಾಡ್ರಾಟ್ ಅದಕ್ಕೂ ಮೊದಲು ರೋಕಾ ಅವರ ಸಹಾಯಕ. ಒಬ್ಬರು ಉತ್ತ ಹೊಲದಲ್ಲಿ ಇನ್ನೊಬ್ಬರು ಬೆಳೆ ತೆಗೆದರು. ತಪ್ಪೇನಿಲ್ಲ, ಆದರೆ ಪೂರ್ತಿ ಫಸಲು ಒಬ್ಬರ ಲೆಕ್ಕಕ್ಕೆ ಬರೆಯೋದು ಬೇಡ.

ಮೂರನೆಯವರ ಹೆಸರು ಟಿವಿ ಚರ್ಚೆಗಳಲ್ಲಿ ಬರೋದೇ ಇಲ್ಲ. ರವಿ ಬಾಬು ರಾಜು. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗ ಕೋಚ್ ಇವರು. ಹಿಂದಿನ ಗೆಲುವು 1968-69ರಲ್ಲಿ. ಆಗ ನಮ್ಮ ರಾಜ್ಯದ ಹೆಸರೇ ಮೈಸೂರು! ಐವತ್ನಾಲ್ಕು ವರ್ಷ ಕಾದ ಕಪ್ ಅದು, ಅದೂ ದೊಡ್ಡ ತಾರೆಯರಿಲ್ಲದ ತಂಡದಿಂದ. ಆವತ್ತು ನಮ್ಮ ಚಾನೆಲ್‌ಗಳಲ್ಲಿ ಅದಕ್ಕೆ ಸಿಕ್ಕ ಜಾಗ ಎಷ್ಟು, ನೀವೇ ನೆನಪಿಸಿಕೊಳ್ಳಿ.

ಈಗ ಬೆಂಗಳೂರು ಬಿಟ್ಟು ಉತ್ತರ ಕನ್ನಡಕ್ಕೆ ಬನ್ನಿ. ಮುಂಡಗೋಡದ ಟಿಬೆಟನ್ ಕಾಲೊನಿ. 1966ರಲ್ಲಿ ಶುರುವಾದ ವಸತಿ. ಸುತ್ತ ಗೋವಿನಜೋಳದ ಹೊಲ, ನಂಬರ್ ಹಾಕಿದ ಕ್ಯಾಂಪುಗಳು, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು. ನೋಡಲು ಹೋದವರು ಮಠದ ಫೋಟೊ ತೆಗೆದು, ಮೊಮೊ ತಿಂದು ವಾಪಸ್ ಬರ್ತಾರೆ. ಅಲ್ಲೊಂದು ಗಟ್ಟಿ ಫುಟ್‌ಬಾಲ್ ಪ್ರೀತಿ ಇದೆ ಅನ್ನೋದು ಗಮನಕ್ಕೇ ಬರೋದಿಲ್ಲ. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಲ್ಲಿ ಶುರುವಾದ ಗ್ಯಾಲ್ಯುಮ್ ಚೆನ್ಮೊ ಗೋಲ್ಡ್ ಕಪ್‌ಗಾಗಿ ದೇಶದ ಟಿಬೆಟನ್ ವಸತಿಗಳ ತಂಡಗಳು ಸೆಣಸುತ್ತವೆ. ಮುಂಡಗೋಡ, ಬೈಲಕುಪ್ಪೆ, ಧರ್ಮಶಾಲಾ, ಎಲ್ಲರಿಗೂ ಅದೇ ವಿಶ್ವಕಪ್.

ಇಂಥ ತಂಡಕ್ಕೆ ಕೋಚ್ ಆಗೋದು ಅಂದರೆ ಏನು? ಆಟಗಾರರಲ್ಲಿ ಒಬ್ಬ ಬೆಂಗಳೂರಿನ ಕಾಲೇಜಿನಲ್ಲಿ, ಇನ್ನೊಬ್ಬ ಯಾವುದೋ ಊರಿನ ಕೆಲಸದಲ್ಲಿ. ಚಳಿಗಾಲ ಬಂತೆಂದರೆ ಎಷ್ಟೋ ಮನೆಯವರು ಸ್ವೆಟರ್ ಮಾರಲು ಊರೂರಿಗೆ ಹೊರಡ್ತಾರೆ. ಯುವಕರು ವಿದೇಶಕ್ಕೆ ಹೋಗೋದು ಬೇರೆ. ಹನ್ನೊಂದು ಜನರನ್ನು ಒಂದೇ ದಿನ ಒಂದೇ ಮೈದಾನಕ್ಕೆ ಕರೆಸೋದೇ ಅಲ್ಲಿ ಕೋಚ್‌ನ ಮೊದಲ ಗೆಲುವು.

ಇದರ ದೊಡ್ಡ ಉದಾಹರಣೆ 2001ರದ್ದು. ಆ ವರ್ಷ ಜೂನ್ 30ರಂದು ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಟಿಬೆಟ್ ತಂಡ ಗ್ರೀನ್‌ಲ್ಯಾಂಡ್ ಎದುರು ಆಡಿತು. ಎರಡೂ ತಂಡಕ್ಕೆ ಫಿಫಾ ಸದಸ್ಯತ್ವ ಇಲ್ಲ. ಟಿಬೆಟ್ ತಂಡಕ್ಕೆ ಕೋಚ್ ಡೆನ್ಮಾರ್ಕ್‌ನ ಯೆನ್ಸ್ ಎಸ್ಪೆನ್ಸೆನ್. ವಸತಿಗಳಲ್ಲಿ ಚದುರಿದ್ದ ಹುಡುಗರನ್ನು ಧರ್ಮಶಾಲಾದಲ್ಲಿ ಕೂಡಿಸಿ ತರಬೇತಿ ಕೊಟ್ಟರು. ನಿರಾಶ್ರಿತರಿಗೆ ಪಾಸ್‌ಪೋರ್ಟ್ ಇಲ್ಲ, ಗುರುತಿನ ಪ್ರಮಾಣಪತ್ರವೇ ಪ್ರಯಾಣದ ದಾಖಲೆ. ಮೇಲೆ ಚೀನಾದ ಆಕ್ಷೇಪ. ಇಷ್ಟೆಲ್ಲ ದಾಟಿ ಮೈದಾನಕ್ಕೆ ಇಳಿದ ಟಿಬೆಟ್, ಮೊದಲ ಗೋಲು ತಾನೇ ಹೊಡೆಯಿತು. ಕೊನೆಗೆ 1-4ರಿಂದ ಸೋತಿತು.

ಕಪ್ ಎಣಿಸುವವರ ಪಟ್ಟಿಯಲ್ಲಿ ಇದಕ್ಕೆ ಸೊನ್ನೆ. ಆದರೆ ನಮ್ಮ ಮೂರು ಪ್ರಶ್ನೆ ಹಾಕಿ ನೋಡಿ. ಸಾಮಗ್ರಿ? ಬಹುತೇಕ ಏನೂ ಇಲ್ಲ. ಅದೃಷ್ಟ? ಇದ್ದರೆ ಅದು ವಿರುದ್ಧವೇ ಇತ್ತು. ಕಟ್ಟಿದ್ದು? ವಸತಿಗಳಲ್ಲಿ ಚದುರಿದ್ದ ಹುಡುಗರಿಂದ ಒಂದು ತಂಡವನ್ನು. ಮುಂದೆ ಅದೇ ಟಿಬೆಟ್ 2006ರಲ್ಲಿ ಹ್ಯಾಂಬರ್ಗ್‌ನಲ್ಲಿ, 2018ರಲ್ಲಿ ಲಂಡನ್‌ನಲ್ಲಿ ಫಿಫಾದಿಂದ ಹೊರಗಿರುವ ತಂಡಗಳ ಟೂರ್ನಿಗಳಲ್ಲಿ ಆಡಿತು.

ಹಾಗಾದರೆ ನಿಮ್ಮ ಓಟು ಯಾರಿಗೆ ಅಂತ ನೀವು ಕೇಳ್ತೀರಿ. ನುಣುಚಿಕೊಳ್ಳೋದಿಲ್ಲ. ಪೂರ್ತಿ ಸೀಸನ್, ಇಷ್ಟು ಪಂದ್ಯ, ಹೊಸ ಕ್ಲಬ್, ಈ ಅಳತೆಯಲ್ಲಿ ನನ್ನ ಓಟು 2013-14ರ ವೆಸ್ಟ್‌ವುಡ್‌ಗೆ. ಒಳಗೆ ಹಾಕಿದ್ದಕ್ಕೆ ಹೋಲಿಸಿ ಹೊರಗೆ ಬಂದದ್ದನ್ನು ನೋಡಿದರೆ ರವಿ ಬಾಬು ರಾಜು ಅವರಿಗಿಂತ ಮುಂದೆ ಇಡಲು ನನಗೆ ಹೆಸರು ಸಿಗೋದಿಲ್ಲ. ಎಸ್ಪೆನ್ಸೆನ್ ಮಾಡಿದ್ದು ಸೀಸನ್ ಕೆಲಸವಲ್ಲ, ಅದಕ್ಕೂ ಹಿಂದಿನ ಕೆಲಸ: ಸೀಸನ್ ಅನ್ನೋದು ಶುರುವಾಗಲು ಮೊದಲು ಒಂದು ತಂಡ ಇರಬೇಕಲ್ಲ.

ಸುಮ್ಮನೆ ಕಾಲಹರಣದ ಚರ್ಚೆ ಅಲ್ಲ ಇದು. ನಾವು ಯಾರನ್ನು ಹೊಗಳ್ತೀವೋ ಅವರಿಗೇ ಮೈದಾನ, ಹಣ, ಕೆಲಸ ಸಿಗೋದು. 2015-16ರಲ್ಲಿ ಲೆಸ್ಟರ್ ಸಿಟಿ ಗೆಲ್ಲುತ್ತೆ ಅನ್ನೋದಕ್ಕೆ ಬಾಜಿದಾರರು ಒಂದಕ್ಕೆ ಐದು ಸಾವಿರ ಕೊಡೋಕೆ ತಯಾರಿದ್ದರು. ಗೆಲ್ಲಿಸಿದ ರಾನಿಯೆರಿಯನ್ನು ಮುಂದಿನ ಫೆಬ್ರವರಿಯಲ್ಲೇ ಮನೆಗೆ ಕಳಿಸಿದರು. ಕಪ್ ಮಾತ್ರ ನೋಡುವ ಕಣ್ಣು ಕಪ್ ಇಲ್ಲದ ದಿನ ಮುಚ್ಚಿಕೊಳ್ಳುತ್ತೆ. ನಿಮ್ಮ ತಾಲೂಕಿನಲ್ಲೂ ಸಂಜೆ ಮೈದಾನದಲ್ಲಿ ಸೀಟಿ ಊದುವ ಒಬ್ಬ ಕೋಚ್ ಇರ್ತಾರೆ. ಈ ವರ್ಷ ಎಷ್ಟು ಕಪ್ ಗೆದ್ದಿರಿ ಅಂತ ಅವರನ್ನು ಕೇಳಬೇಡಿ. ಎಷ್ಟು ಹುಡುಗರು ಬರ್ತಿದ್ದಾರೆ ಅಂತ ಕೇಳಿ.